ಗಮನಪ್ಪನವರ ಅನಧಿಕೃತ ಭಾವನೆಗಳು

ಬಸ್ ನಿಲ್ದಾಣದ ಧ್ವನಿವರ್ಧಕದಲ್ಲಿ ಇಪ್ಪತ್ತು ವರ್ಷಗಳಿಂದ ಬಸ್ಸುಗಳು ಬಂದುಹೋಗುವುದನ್ನು ಹೇಳುತ್ತಾ ಬಂದಿದ್ದ ಆ ಮನುಷ್ಯರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಅದು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. "ಪ್ರಯಾಣಿಕರ ಗಮನಕ್ಕೆ" ಎಂದು ಶುರುಮಾಡದೆ ಅವರು ಒಂದು ಮಾತನ್ನೂ ಆಡಿದವರಲ್ಲವಾದ್ದರಿಂದ ಡ್ರೈವರುಗಳು, ಕಂಡಕ್ಟರುಗಳು, ಬಸ್ಸು ತೊಳೆಯುವವರು, ಕೊನೆಗೆ ಹೆಂಡತಿಯ ಕಡೆಯ ನೆಂಟರು ಕೂಡ ಅವರನ್ನು ಗಮನಪ್ಪನವರು ಎಂದೇ ಕರೆಯುತ್ತಿದ್ದರು. ಅವರಿಗೂ ಅದೇ ರೂಢಿಯಾಗಿ, ಹಳೆಯ ಹೆಸರು ಹಿಡಿದು ಯಾರಾದರೂ ಕರೆದರೆ ತಿರುಗಿ ನೋಡುತ್ತಿರಲಿಲ್ಲ.

ಅವರ ದನಿಯ ವಿಷಯವನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಅದಕ್ಕೆ ಏರು ಇರಲಿಲ್ಲ, ಇಳಿವು ಇರಲಿಲ್ಲ, ಇಸ್ತ್ರಿ ಮಾಡಿದ ಅಂಗಿಯ ಹಾಗೆ ಚಪ್ಪಟೆಯಾಗಿತ್ತು. ಒಂದು ಸಲ ದೊಡ್ಡ ಗಾಳಿ ಬೀಸಿ ಮೂರನೇ ಅಂಕಣದ ತಗಡಿನ ಚಾವಣಿ ಕಿತ್ತುಕೊಂಡಾಗ ಜನ ಚೆಲ್ಲಾಪಿಲ್ಲಿಯಾಗಿ ಓಡುತ್ತಿದ್ದರು. ಗಮನಪ್ಪನವರು ಮಾತ್ರ, "ಪ್ರಯಾಣಿಕರ ಗಮನಕ್ಕೆ. ಮೂರನೇ ಅಂಕಣದ ಚಾವಣಿ ಬೀಳುತ್ತಿದೆ. ಪ್ರಯಾಣಿಕರು ಸಹಕರಿಸಬೇಕು" ಎಂದು ಎಂದಿನ ದನಿಯಲ್ಲೇ ಹೇಳಿದ್ದರು. ಚಾವಣಿಯೂ ಸಹಕರಿಸಿತು, ಯಾರ ತಲೆಯ ಮೇಲೂ ಬೀಳಲಿಲ್ಲ. ಅಂದಿನಿಂದ ನಿಲ್ದಾಣದವರಿಗೆ ಒಂದು ನಂಬಿಕೆ: ಆಕಾಶವೇ ಕಳಚಿ ಬಿದ್ದರೂ ಈ ಮನುಷ್ಯನ ದನಿ ಅಲ್ಲಾಡುವುದಿಲ್ಲ.

ಹಾಗೆಂದು ಅವರಿಗೆ ಕೆಲಸದ ಮೇಲೆ ಪ್ರೀತಿ ಇರಲಿಲ್ಲವೆಂದು ಯಾರೂ ತಿಳಿಯಬಾರದು. ಮೂರು ಕಡೆ ಗಾಜು, ಒಂದು ಕುರ್ಚಿ, ಕತ್ತು ಸೊಟ್ಟಗಾದ ಒಂದು ಮೈಕು, ಇಷ್ಟಿದ್ದ ಆ ಗೂಡಿನಲ್ಲಿ ಕೂತಾಗ ಅವರಿಗೆ ತಾನೂ ಒಬ್ಬ ಮನುಷ್ಯ ಅನ್ನಿಸುತ್ತಿತ್ತು. ಮನೆಯಲ್ಲಿ ಅವರು ಒಂದು ಮಾತು ಶುರುಮಾಡುವಷ್ಟರಲ್ಲಿ ಕುಕ್ಕರ್ ಕೂಗುತ್ತಿತ್ತು, ಅದು ಮುಗಿಯುವಷ್ಟರಲ್ಲಿ ಹೆಂಡತಿ ಬೇರೆ ವಿಷಯಕ್ಕೆ ಹೋಗಿರುತ್ತಿದ್ದಳು. ಇಲ್ಲಿ ಹಾಗಲ್ಲ. ಇಲ್ಲಿ ಅವರು ಬಾಯಿ ಬಿಟ್ಟರೆ ಸಾವಿರ ಜನ ಕಿವಿ ಕೊಡಲೇಬೇಕು, ಇಲ್ಲದಿದ್ದರೆ ಬಸ್ಸು ತಪ್ಪುತ್ತದೆ.

ಈ ಸುಖಕ್ಕೆ ಕಲ್ಲು ಬಿದ್ದದ್ದು ದೊಡ್ಡ ಸಾಹೇಬರ ತಪಾಸಣೆಯ ದಿನ. ದೊಡ್ಡ ಸಾಹೇಬರೆಂದರೆ ಅಷ್ಟೂ ನಿಲ್ದಾಣಗಳ ಮೇಲೆ ಕಣ್ಣಿಡಬೇಕಾದ ಅಧಿಕಾರಿ. ಎಲ್ಲಿಗೆ ಹೋದರೂ ಮೊದಲು ಶೌಚಾಲಯ ನೋಡಿ ಮುಖ ಹಿಂಡಿಕೊಂಡು, ಉಳಿದದ್ದನ್ನೆಲ್ಲ ಅದೇ ಮುಖದಲ್ಲಿ ನೋಡಿ ಮುಗಿಸುವವರು. ಅವತ್ತು ಐದನೇ ಅಂಕಣದ ಹತ್ತಿರ ನಿಂತು, ತಲೆ ಓರೆ ಮಾಡಿ, ಮೇಲಿನ ಧ್ವನಿವರ್ಧಕವನ್ನು ಕೇಳಿದರು.

"ಮೆಷಿನ್ ಯಾವಾಗ ಹಾಕಿಸಿದ್ರಿ?" ಎಂದರು ಪಕ್ಕದಲ್ಲಿದ್ದ ನಿಲ್ದಾಣಾಧಿಕಾರಿಗೆ. "ಚೆನ್ನಾಗಿದೆ. ಸ್ವಲ್ಪ ಜೀವ ಕಡಿಮೆ, ಅಷ್ಟೆ."

ಅದು ಮೆಷಿನ್ನಲ್ಲ, ನಮ್ಮ ಗಮನಪ್ಪನವರು ಎಂದು ನಿಲ್ದಾಣಾಧಿಕಾರಿ ತೊದಲಿದರು. ಸಾಹೇಬರಿಗೆ ತಪ್ಪು ಮಾಡಿದೆ ಅನ್ನಿಸಲಿಲ್ಲ. ಆ ಮಟ್ಟದ ಅಧಿಕಾರಿಗಳಿಗೆ ತಪ್ಪು ಅನ್ನಿಸುವುದಿಲ್ಲ, ಅದರ ಬದಲಿಗೆ ಏನಾದರೂ ಹೊಳೆಯುತ್ತದೆ. ಅವರಿಗೆ ಹೊಳೆದದ್ದು ಇಷ್ಟು: ಮನುಷ್ಯನೇ ಹೀಗೆ ಮಾತಾಡುವುದಾದರೆ ಮೆಷಿನ್ನನ್ನೇ ತಂದು ಕೂರಿಸಬಹುದು, ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ತಿಂಗಳ ಕೊನೆಗೆ ಬಂದು ಇನ್ನೊಮ್ಮೆ ಕೇಳುತ್ತೇನೆ, ಆಮೇಲೆ ಸಹಿ ಮಾಡುತ್ತೇನೆ ಎಂದು ಹೇಳಿ ಹೋದರು. ಮೆಷಿನ್ ಬಂದರೆ ಗಮನಪ್ಪನವರಿಗೆ ಡಿಪೋದ ಹಿಂದಿನ ಟೈರ್ ಗೋದಾಮು. ಅಲ್ಲಿ ಮಾತಾಡಲು ಟೈರುಗಳು ಮಾತ್ರ ಇದ್ದವು, ಅವೂ ಸವೆದವು.

ಈ ಸಿಡಿಲಿನಂಥ ಸುದ್ದಿ ಹೊತ್ತು ಗಮನಪ್ಪನವರು ಮನೆಗೆ ಬಂದರೆ ಬಾಗಿಲಲ್ಲೇ ಹೆಂಡತಿ, "ರೀ, ಆ ಪೆಟ್ಟಿಗೆ ಒಂದ್ ಕಡೆ ಹಿಡ್ಕೊಳ್ಳಿ" ಎಂದಳು. ಭಾವಮೈದುನ ಬಂದಿದ್ದ. ಹೆಂಡತಿಯ ತಮ್ಮನಾದ ಈತ ಜೆರಾಕ್ಸ್ ಮೆಷಿನ್ನುಗಳನ್ನು ರಿಪೇರಿ ಮಾಡುತ್ತಿದ್ದ, ತಲೆಗೂದಲನ್ನು ಹಿಂದಕ್ಕೆ ಕಟ್ಟಿ ಜುಟ್ಟು ಬಿಟ್ಟಿದ್ದ. ಹೊಸ ಬಾಡಿಗೆ ಮನೆಯ ಯಜಮಾನಿಗೆ ಸದ್ದು ಆಗದು, ಅದಕ್ಕೇ ತನ್ನ ರೆಕಾರ್ಡ್ ಪ್ಲೇಯರು, ಎರಡು ಸ್ಪೀಕರು, ಒಂದು ರಾಶಿ ಹಾಡಿನ ತಟ್ಟೆಗಳನ್ನು ಅಕ್ಕನ ಮನೆಯಲ್ಲಿ ಇಡಲು ತಂದಿದ್ದ. ಎಲ್ಲ ಇಳಿಸಿಯಾದ ಮೇಲೆ ಮರ್ಯಾದೆಗೆಂದು, ಭಾವನಿಗೆ ರಾಕ್ ಸಂಗೀತ ಗೊತ್ತೇ ಎಂದು ಕೇಳಿದ.

ಆ ದಿನ ಒಮ್ಮೆ ಮೆಷಿನ್ ಅನ್ನಿಸಿಕೊಂಡಿದ್ದು ಸಾಕಾಗಿತ್ತು. "ಗೊತ್ತಿಲ್ದೆ ಏನು, ಕಾಲೇಜಲ್ಲಿ ಕೇಳಿದ್ದೇ ಕೇಳಿದ್ದು" ಎಂದುಬಿಟ್ಟರು ಗಮನಪ್ಪನವರು. ಕಾಲೇಜಿನಲ್ಲಿ ಅವರು ಕೇಳಿದ್ದು ಗಂಟೆ ಮಾತ್ರ. ಭಾವಮೈದುನನ ಮುಖ ಅರಳಿತು. ಹಾಗಾದರೆ ಇದನ್ನು ಕೇಳಲೇಬೇಕು ಎಂದು ರಾಶಿಯ ತಳದಿಂದ ಒಂದು ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದ.

ಅದರ ರಟ್ಟಿನ ಮೇಲಿನ ಚಿತ್ರವನ್ನು ನೋಡಿದವರು ಮರೆಯುವುದು ಕಷ್ಟ. ಒಂದು ಬಂಡೆಯ ತುದಿ, ಕೆಳಗೆ ಕಡಲು, ಮೇಲೆ ಮಿಂಚು. ಬಂಡೆಯ ಮೇಲೆ ಒಂದು ಪಿಯಾನೊ ಹೊತ್ತಿ ಉರಿಯುತ್ತಿದೆ. ಅದರ ಮುಂದೆ ಕೆಂಪು ನಿಲುವಂಗಿ ತೊಟ್ಟ ಗಡ್ಡದ ಮನುಷ್ಯನೊಬ್ಬ, ಸೊಂಟದವರೆಗೆ ಕೂದಲು ಹಾರಿಸಿಕೊಂಡು, ಎರಡೂ ಕೈ ಮೇಲೆತ್ತಿ, ಪಿಯಾನೊ ಉರಿಯುತ್ತಿರುವುದು ಗೊತ್ತೇ ಇಲ್ಲದವನಂತೆ ನಿಂತಿದ್ದಾನೆ. ಮೈ ಸುಡುತ್ತಿದ್ದರೂ ಪೋಸು ಬಿಡದ ಈ ಪುಣ್ಯಾತ್ಮನ ಮೇಲೆ ಗಮನಪ್ಪನವರಿಗೆ ನೋಡಿದ ತಕ್ಷಣ ಗೌರವ ಹುಟ್ಟಿತು.

ತಟ್ಟೆ ತಿರುಗಿತು. ಮೊದಲು ಗಾಳಿ. ಆಮೇಲೆ ಗುಡುಗು. ಆಮೇಲೆ ಎಲ್ಲೋ ದೂರದಲ್ಲಿ ಗಂಟೆ. ಹಾಡು ಇನ್ನೇನು ಬಂತು ಅನ್ನುವಾಗ ಇನ್ನೊಂದು ಗುಡುಗು. ಗಿಟಾರು ಅಳುವ ಮಗುವಿನಂತೆ ಒಂದೇ ಸಮನೆ ಕಿರುಚಿ ಕಿರುಚಿ ಸುಸ್ತಾದ ಮೇಲೆ ಗಡ್ಡದವನು ಬಾಯಿ ಬಿಟ್ಟ. ಮೊದಲು ಪಿಸುಗುಟ್ಟಿದ, ಆಮೇಲೆ ಗೋಗರೆದ, ಆಮೇಲೆ ನೂರು ಜನರ ಮೇಳ ಅವನ ಬೆನ್ನಿಗೆ ನಿಂತು ಕೂಗಿತು. ಗಾಜಿನ ಬೀರುವಿನ ಲೋಟಗಳು ನಡುಗಿದವು. ಹೆಂಡತಿ ಅಡುಗೆಮನೆಯಿಂದಲೇ, ಯಾರಿಗೇನಾಯ್ತು ಎಂದು ಕೇಳಿದಳು. ಕುಕ್ಕರ್ ಕೂಗಿದ್ದು ಅವತ್ತು ಯಾರಿಗೂ ಕೇಳಿಸಲಿಲ್ಲ.

ಗಮನಪ್ಪನವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ಒಂದು ಮುಖ ಮುಗಿಯುವಷ್ಟರಲ್ಲಿ ಅವರ ಕಣ್ಣು ಒದ್ದೆಯಾಗಿತ್ತು. ಇವನಿಗೆ ಏನು ಕಷ್ಟ ಬಂದಿದೆ, ರಾಜ್ಯ ಹೋಯಿತೇ, ಯುದ್ಧದಲ್ಲಿ ಸೋತನೇ ಎಂದು ಕೇಳಿದರು.

"ಅಂಥದ್ದೇನಿಲ್ಲ ಭಾವ. ಸಂಜೆ ಬರ್ತೀನಿ ಅಂತ ಹುಡುಗಿ ಹೇಳಿರ್ತಾಳೆ. ಬರಲ್ಲ. ಇವನು ಕಾಯ್ತಾನೆ."

"ಅಷ್ಟೇನಾ?"

"ಅಷ್ಟೇ. ಕಾದು ಕಾದು ಈ ಕಡೆ ಮುಖದಲ್ಲಿ ಸಾಯ್ತಾನೆ. ಆ ಕಡೆ ಮುಖದಲ್ಲಿ ಎದ್ದು ಮತ್ತೆ ಕಾಯ್ತಾನೆ."

"ಸತ್ತ ಮೇಲೂ ಕಾಯ್ತಾನಾ?"

"ಸತ್ತ ಮೇಲೇ ಜೋರಾಗಿ ಕಾಯೋದು ಭಾವ."

ಗಮನಪ್ಪನವರು ರಟ್ಟಿನ ಚಿತ್ರವನ್ನು ಮತ್ತೆ ಕೈಗೆತ್ತಿಕೊಂಡು ನೋಡಿದರು. ಬರುತ್ತೇನೆಂದ ಒಬ್ಬಳು ಬರಲಿಲ್ಲ ಎಂಬ ಒಂದು ಸಣ್ಣ ಸಂಗತಿಗೆ ಗುಡುಗು, ಗಂಟೆ, ನೂರು ಜನರ ಮೇಳ, ಉರಿಯುವ ಪಿಯಾನೊ. ಆ ಗಡ್ಡದವನಿಗೆ ನಾಚಿಕೆ ಅನ್ನುವುದೇ ಇಲ್ಲ. ಎದೆಯಲ್ಲಿ ಇದ್ದದ್ದನ್ನು ಇದ್ದುದಕ್ಕಿಂತ ಹತ್ತು ಪಟ್ಟು ಮಾಡಿ ಬೀದಿಗೆ ಎಸೆದಿದ್ದಾನೆ. ಅದು ಅತಿಯಾಯಿತು ಅನ್ನುವುದರಲ್ಲಿ ಅನುಮಾನವಿಲ್ಲ, ಆದರೆ ಆ ಅತಿಯಲ್ಲೇ ಒಂದು ದೊಡ್ಡ ಸಮಾಧಾನ ಇತ್ತು. ನಮ್ಮ ನಿಲ್ದಾಣದಲ್ಲಿ ದಿನಾ ಸಾವಿರಾರು ಜನ ಕಾಯುತ್ತಾರೆ, ಅವರ ಬಸ್ಸೂ ಬರುವುದಿಲ್ಲ. ಅವರಿಗಾಗಿ ಯಾರು ಒಂದು ಗಂಟೆ ಬಾರಿಸಿದರು? ತಾನು ಇಷ್ಟು ವರ್ಷ ಆ ಜನಕ್ಕೆ ಏನು ಕೊಟ್ಟೆ, ಸಹಕರಿಸಬೇಕು ಎಂಬ ಒಂದು ಪದ. ನೆನೆಸಿಕೊಂಡು ಗಮನಪ್ಪನವರಿಗೆ ನಿಜಕ್ಕೂ ಸಂಕಟವಾಯಿತು. ತಟ್ಟೆಯನ್ನು ಮಗುಚಿ ಹಾಕು ಎಂದರು.

ಮರುದಿನದಿಂದ ಅಭ್ಯಾಸ ಶುರುವಾಯಿತು. ನಿಲ್ದಾಣದಲ್ಲಿ ಎಂದಿನ ಚಪ್ಪಟೆ ದನಿ, ಸಂಜೆ ಮನೆಗೆ ಬಂದು ತಟ್ಟೆ ಹಾಕಿ, ಸ್ಟೀಲಿನ ಲೋಟವನ್ನು ಮೈಕಿನಂತೆ ಹಿಡಿದು, ಹೆಗಲಿಗೆ ಕೆಂಪು ಟವೆಲು ಹೊದ್ದು, ಬಸ್ಸುಗಳ ವೇಳಾಪಟ್ಟಿಯನ್ನು ಗಡ್ಡದವನ ಧಾಟಿಯಲ್ಲಿ ಹೇಳುವುದು. ಸಾಹೇಬರು ಮತ್ತೆ ಬರುವ ದಿನ ಒಮ್ಮೆಲೇ ಹೊರಗೆ ಬಿಡಬೇಕು ಎಂಬುದು ಅವರ ಯೋಜನೆ.

ಈ ಯೋಜನೆಯನ್ನು ಪಕ್ಕದ ಮನೆಯವರಿಗೆ ತಿಳಿಸಿರಲಿಲ್ಲ. ಒಂದು ಸಂಜೆ ಹೆಂಡತಿ ತರಕಾರಿ ತರಲು ಹೋಗಿದ್ದಾಗ ಗೋಡೆಯಾಚೆಯ ರಿಟೈರ್ಡ್ ನರ್ಸಮ್ಮನಿಗೆ, "ಹೊರಟುಹೋಯಿತು… ನನ್ನನ್ನು ಬಿಟ್ಟು ಹೊರಟೇಹೋಯಿತು" ಎಂಬ ಗಂಡಸಿನ ಗೋಳು ಕೇಳಿಸಿತು. ನರ್ಸಮ್ಮ ಜನರ ನೋವಿನಲ್ಲೇ ಬಾಳು ಸವೆಸಿದವರು, ಸುಮ್ಮನಿರುವವರಲ್ಲ. ಕಿಟಕಿಯಲ್ಲಿ ಇಣುಕಿದರೆ ಗಮನಪ್ಪನವರು ಟವೆಲು ಹೊದ್ದು ನೆಲದ ಮೇಲೆ ಮಂಡಿಯೂರಿ ಖಾಲಿ ಲೋಟದೊಡನೆ ಮಾತಾಡುತ್ತಿದ್ದಾರೆ, ಮನೆಯಲ್ಲಿ ಹೆಂಡತಿಯ ಸುಳಿವಿಲ್ಲ. ಇಷ್ಟು ಸಾಕಾಯಿತು. ಮೇಲಿನ ಮನೆಯವರು, ಎದುರು ಮನೆಯವರು ಎಲ್ಲ ಬಂದು ಸುತ್ತ ಕೂತು, ಹೋದವಳು ಹೋದಳು, ನೀವು ಹೊತ್ತು ಹೊತ್ತಿಗೆ ಊಟ ಮಾಡಬೇಕು ಎಂದು ಸಮಾಧಾನ ಹೇಳತೊಡಗಿದರು. ಗಮನಪ್ಪನವರು ಆಗಲೇ ನಿಜ ಹೇಳಬಹುದಿತ್ತು. ಆದರೆ ತಮ್ಮ ದನಿ ಕೇಳಿ ಜನ ಕಣ್ಣೊರೆಸಿಕೊಂಡದ್ದು ಹುಟ್ಟಿದಂದಿನಿಂದ ಇದೇ ಮೊದಲು. ಇರಲಿ, ಇನ್ನೊಂದೆರಡು ನಿಮಿಷ ಎಂದು ಅವರು ತಲೆ ತಗ್ಗಿಸಿ ಕೂತರು.

ಅಷ್ಟರಲ್ಲಿ ಹೋದವಳು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ವಿಷಯ ತಿಳಿದ ಮೇಲೆ ನೆರೆಯವರನ್ನು ಕಳಿಸಿ, ಗಂಡನ ಹೆಗಲ ಮೇಲಿನ ಟವೆಲು ಕಿತ್ತು ಹಗ್ಗಕ್ಕೆ ಹಾಕಿ, ಬೈಯಲು ಬಾಯಿ ತೆರೆದವಳು ಅರ್ಧಕ್ಕೇ ನಿಲ್ಲಿಸಿ, "ನಾನು ಹೋದೆ ಅಂತ ಅಷ್ಟೊಂದು ಅತ್ರಂತಾ?" ಎಂದಳು. ಬಸ್ಸಿನ ವಿಷಯ ಎಂದು ಹೇಳುವಷ್ಟು ದಡ್ಡರಾಗಿರಲಿಲ್ಲ ಗಮನಪ್ಪನವರು. ಅವತ್ತು ಊಟದಲ್ಲಿ ಅವರ ತಟ್ಟೆಗೆ ತುಪ್ಪ ಎರಡು ಸಲ ಬಿತ್ತು.

ತಿಂಗಳ ಕೊನೆ ಬಂತು. ಸಾಹೇಬರು ಬರುವ ದಿನ ಗಮನಪ್ಪನವರು ಗೂಡಿನಲ್ಲಿ ಕೂತು, ನಾಲ್ಕನೇ ಅಂಕಣದಲ್ಲಿ ಯಾರೋ ಬಿಟ್ಟುಹೋದ ಒಂದು ಕೊಡೆಯಿಂದ ಶುರುಮಾಡಿದರು. ಕಪ್ಪು ಬಣ್ಣದ ಆ ಕೊಡೆ ತನ್ನವರಿಗಾಗಿ ಕಾಯುತ್ತಿದೆ, ಒಂದು ಕಡ್ಡಿ ಮುರಿದಿದ್ದರೂ ಕಾಯುತ್ತಿದೆ, ಮಳೆಯಲ್ಲಿ ತಾನು ನೆಂದು ಅವರನ್ನು ನೆನೆಯಲು ಬಿಡದ ಕೊಡೆ ಅದು ಎಂದು ಹೇಳಿ ಕೊನೆಗೆ ಒಂದು ನಿಟ್ಟುಸಿರು ಬಿಟ್ಟರು. ಕೊಡೆ ತಮ್ಮದೆಂದು ಐದು ಜನ ಬಂದರು. ಆರನೆಯವನೊಬ್ಬ ಕೊಡೆ ತನ್ನದಲ್ಲ, ಆದರೂ ಒಮ್ಮೆ ನೋಡಿಕೊಂಡು ಹೋಗುತ್ತೇನೆ ಎಂದ. ಗಮನಪ್ಪನವರಿಗೆ ಇನ್ನೇನು ಬೇಕು.

ಆ ಹೊತ್ತಿಗೆ ಡಿಪೋದಿಂದ ಫೋನು ಬಂತು. ಬೆಳಿಗ್ಗೆ ಒಂದು ಸುತ್ತು ಹೋಗಿಬಂದ ಹದಿನೇಳನೇ ನಂಬರಿನ ಬಸ್ಸಿನ ಗೇರ್‌ಬಾಕ್ಸು ಕೆಟ್ಟಿದೆ, ಇವತ್ತಿಗೆ ಅದು ರದ್ದು ಎಂದು. ದಿನಾ ಆಗುವ ಸಂಗತಿ. ಬಸ್ಸನ್ನು ವರ್ಕ್‌ಶಾಪಿನಲ್ಲಿ ಬಿಟ್ಟ ಡ್ರೈವರು, ಅಡಿಗಡಿಗೆ ಹಾರ್ನು ಹೊಡೆಯುವ ಚಟಕ್ಕೆ ಹಾರ್ನಣ್ಣ ಎಂದು ಹೆಸರಾದವನು, ಸಿಕ್ಕಿದ್ದೇ ಸಮಯವೆಂದು ರಸ್ತೆಯಾಚೆಯ ಕ್ಷೌರದಂಗಡಿಗೆ ಹೋಗಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ. ಗಮನಪ್ಪನವರು ಕಣ್ಣು ಮುಚ್ಚಿ, ಕಡಲನ್ನೂ ಬಂಡೆಯನ್ನೂ ನೆನೆಸಿಕೊಂಡು, ಮೈಕನ್ನು ಎರಡೂ ಕೈಯಲ್ಲಿ ಹಿಡಿದರು.

"ಪ್ರಯಾಣಿಕರೇ…" ಎಂದು ನಿಲ್ಲಿಸಿದರು. "ಹದಿನೇಳನೇ ನಂಬರಿಗಾಗಿ ಕಾಯುತ್ತಿರುವವರೇ. ಇನ್ನು ಕಾಯಬೇಡಿ." ಇಲ್ಲಿ ದನಿ ಒಡೆಯಿತು. "ಬೆಳಿಗ್ಗೆ ನಮ್ಮ ಕಣ್ಣೆದುರಿಗೇ ಹೋಗಿ ಬಂದಿತ್ತು. ಗೇರ್‌ಬಾಕ್ಸು… ಗೇರ್‌ಬಾಕ್ಸು ಕೈಕೊಟ್ಟಿತು. ಹದಿನೇಳು ಇವತ್ತು ಬರುವುದಿಲ್ಲ. ಬರುವುದಿಲ್ಲ. ಎಷ್ಟು ಕೂಗಿ ಕರೆದರೂ ಬರುವುದಿಲ್ಲ." ಮುಂದಿನದಕ್ಕೆ ಪದಗಳಿರಲಿಲ್ಲ, ಬಿಕ್ಕು ಮಾತ್ರ ಇತ್ತು. ಅದನ್ನೂ ಅವರು ಮೈಕಿನಲ್ಲೇ ಬಿಟ್ಟರು.

ಬೇರೆ ನಿಲ್ದಾಣವಾಗಿದ್ದರೆ ಜನ ಇದೇನು ಹುಚ್ಚು ಎಂದು ನಕ್ಕು ಮುಂದಿನ ಬಸ್ಸು ಹತ್ತುತ್ತಿದ್ದರು. ಆದರೆ ಇವರು ಚಾವಣಿ ಬಿದ್ದಾಗಿನ ಗಮನಪ್ಪನವರನ್ನು ಬಲ್ಲವರು. ಚಾವಣಿಗೆ ಅಲ್ಲಾಡದ ಮನುಷ್ಯ ಗೇರ್‌ಬಾಕ್ಸಿಗೆ ಅಳುತ್ತಾನೆಯೇ? ಬಸ್ಸು ತೊಳೆಯುವವನೊಬ್ಬ ಬಕೆಟ್ಟು ಕೆಳಗಿಟ್ಟು, "ಗೇರ್‌ಬಾಕ್ಸ್ ಅಂತ ಮೇಲಿನವರು ಹೇಳಿಸ್ತಿದಾರೆ. ಒಳಗೆ ಬೇರೆ ಏನೋ ಆಗಿದೆ" ಎಂದ. ಒಳಗೆ ಬೇರೆ ಏನೋ ಎರಡನೇ ಅಂಕಣಕ್ಕೆ ಹೋಗುವಷ್ಟರಲ್ಲಿ ಆಕ್ಸಿಡೆಂಟ್ ಆಗಿತ್ತು, ನಾಲ್ಕನೇ ಅಂಕಣದಲ್ಲಿ ಬಸ್ಸು ಸೇತುವೆಯಿಂದ ಬಿತ್ತು, ಆರನೇ ಅಂಕಣ ಮುಟ್ಟುವಷ್ಟರಲ್ಲಿ ಹಾರ್ನಣ್ಣ ಪ್ರಯಾಣಿಕರನ್ನೆಲ್ಲ ಉಳಿಸಿ ತಾನು ಪ್ರಾಣ ಬಿಟ್ಟಿದ್ದ.

ಹಾರ್ನಣ್ಣನ ಹೆಂಡತಿ ನಿಲ್ದಾಣದೊಳಗೇ ಟೀ ಅಂಗಡಿ ಇಟ್ಟುಕೊಂಡಿದ್ದಳು. ಬೆಳಿಗ್ಗೆ ಟೀಯಲ್ಲಿ ಸಕ್ಕರೆ ಜಾಸ್ತಿ ಎಂದದ್ದಕ್ಕೆ ಗಂಡನ ಜೊತೆ ಮಾತು ಬಿಟ್ಟವಳು. ಸುದ್ದಿ ಕಿವಿಗೆ ಬಿದ್ದದ್ದೇ ಅವಳು, ಹಾಲು ಉಕ್ಕಿ ಒಲೆ ಆರಿಹೋದರೂ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತಳು. ಜನ ಸುತ್ತ ನೆರೆದರು.

ಸರಿಯಾಗಿ ಅದೇ ಹೊತ್ತಿಗೆ ದೊಡ್ಡ ಸಾಹೇಬರ ಜೀಪು ಬಂತು. ಇಡೀ ನಿಲ್ದಾಣ ಕಣ್ಣೊರೆಸಿಕೊಳ್ಳುತ್ತಿರುವುದನ್ನು ಕಂಡು, ಶೌಚಾಲಯ ನೋಡುವುದನ್ನೂ ಮರೆತು, ಏನಾಯಿತು ಎಂದರು. ನಿಲ್ದಾಣಾಧಿಕಾರಿಗೆ ತಮ್ಮ ನಿಲ್ದಾಣದ ಸುದ್ದಿ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಧೈರ್ಯ ಇರಲಿಲ್ಲ, ಜನ ಹೇಳಿದ್ದನ್ನೇ ಹೇಳಿದರು. ಸಾಹೇಬರು ಕೆಲಸದಲ್ಲಿ ಚುರುಕು. ಮದ್ದಿನ ಪೆಟ್ಟಿಗೆ ಇಟ್ಟು ತಮ್ಮ ಜೀಪನ್ನು ಹದಿನೇಳನೇ ನಂಬರಿನ ದಾರಿಯಲ್ಲಿ ಸೇತುವೆ ಹುಡುಕಲು ಅಟ್ಟಿದರು. ಆ ದಾರಿಯಲ್ಲಿ ಸೇತುವೆಯೇ ಇಲ್ಲ ಎಂದು ಹೇಳಬಲ್ಲವರೆಲ್ಲ ಅಳುವುದರಲ್ಲಿದ್ದರು. ಆಮೇಲೆ ಕೇಂದ್ರ ಕಚೇರಿಗೆ ಫೋನು ಮಾಡಿ, ಸಂಸ್ಥೆ ಒಬ್ಬ ವೀರ ಚಾಲಕನನ್ನು ಕಳೆದುಕೊಂಡಿದೆ ಎಂದರು. ಅಲ್ಲಿ ಎಲ್ಲರೂ ಎದ್ದು ನಿಂತು ಮೌನ ಆಚರಿಸಿದರಂತೆ.

ಇತ್ತ ಕ್ಷೌರದಂಗಡಿಗೂ ಸುದ್ದಿ ಮುಟ್ಟಿತು. ಹದಿನೇಳನೇ ನಂಬರಿನ ಡ್ರೈವರು ಹೋದನಂತೆ ಎಂದು ಯಾರೋ ಬಾಗಿಲಲ್ಲಿ ಹೇಳಿ ಓಡಿದರು. ಹಾರ್ನಣ್ಣ ಕುರ್ಚಿಯಲ್ಲೇ ನೆಟ್ಟಗಾದ. ತಾನು ಇಲ್ಲಿ ಕುರ್ಚಿಯಲ್ಲಿ ಕೂತಿರುವುದರಿಂದ ಸತ್ತವನು ತಾನಲ್ಲ ಎಂಬುದು ಅವನಿಗೆ ಸ್ಪಷ್ಟವಿತ್ತು. ಹಾಗಾದರೆ ಗೇರ್‌ಬಾಕ್ಸು ಅರ್ಧಂಬರ್ಧ ಸರಿಮಾಡಿ ಯಾರೋ ಬದಲಿ ಡ್ರೈವರನ್ನು ಕಳಿಸಿದ್ದಾರೆ, ತನ್ನ ಸಾವನ್ನು ಆ ಪುಣ್ಯಾತ್ಮ ತಗೊಂಡ. ಹಾರ್ನಣ್ಣ ಕೊರಳಲ್ಲಿ ಬಟ್ಟೆ, ಮುಖದ ತುಂಬ ನೊರೆ, ಹಾಗೇ ರಸ್ತೆ ದಾಟಿ ಬಂದ. ಟೀ ಅಂಗಡಿಯ ಮುಂದೆ ತನ್ನ ಹೆಂಡತಿಯೇ ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದಳು. ಯಾರೋ ಬದಲಿ ಡ್ರೈವರಿಗಾಗಿ ಇಷ್ಟು ಮರುಗುವ ಹೆಂಗಸಿನ ಜೊತೆ ಸಕ್ಕರೆಗಾಗಿ ಜಗಳವಾಡಿದೆನಲ್ಲ ಎಂದು ಅವನಿಗೆ ತನ್ನ ಮೇಲೇ ಬೇಜಾರಾಯಿತು. ಪಕ್ಕದಲ್ಲಿ ಕುಕ್ಕರಿಸಿ ತಾನೂ ಅತ್ತ.

ಅವಳು ನೊರೆಯ ಮುಖ ನೋಡಿ ಯಾರೋ ದಾರಿಹೋಕ ಎಂದುಕೊಂಡು ಹೇಳತೊಡಗಿದಳು. ಎಂಥ ಒಳ್ಳೆಯ ಜೀವ ಅದು, ಒಂದು ದಿನ ಎದುರು ಮಾತಾಡಿದ್ದಿಲ್ಲ, ನಕ್ಕರೆ ಕೆನ್ನೆಯಲ್ಲಿ ಗುಳಿ, ತನ್ನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಿದ್ದ, ಅವನಿಲ್ಲದೆ ತಾನು ಹೇಗೆ ಬದುಕಲಿ. ಹಾರ್ನಣ್ಣನ ಅಳು ನಿಂತಿತು. ಬದಲಿ ಡ್ರೈವರನ ಕೆನ್ನೆಯ ಗುಳಿ ಇವಳಿಗೆ ಹೇಗೆ ಗೊತ್ತು? ಎದುರು ಮಾತಾಡದವನಂತೆ, ಕಣ್ಣಲ್ಲಿ ಕಣ್ಣಿಟ್ಟವನಂತೆ. ಅವನ ಮೈ ಉರಿಯಿತು.

"ಯಾರೇ ಅವನು?" ಎಂದ.

ಆ "ಯಾರೇ" ಕೇಳಿ ಅವಳು ತಲೆಯೆತ್ತಿದಳು. ನೊರೆಯನ್ನು ಸೆರಗಿನಿಂದ ಒರೆಸಿ ನೋಡಿದಳು. ಕೆನ್ನೆಯ ಗುಳಿ ಅಲ್ಲೇ ಇತ್ತು. ಒಂದು ಕ್ಷಣ ಅವನನ್ನು ಗಟ್ಟಿಯಾಗಿ ತಬ್ಬಿಕೊಂಡಳು, ಮರುಕ್ಷಣ ಟೀ ಸೋಸುವ ಬಟ್ಟೆಯಿಂದಲೇ ಅವನಿಗೆ ಬಾರಿಸತೊಡಗಿದಳು. ಬದುಕಿದ್ದೂ ಅರ್ಧ ಗಂಟೆಯಿಂದ ಸುಮ್ಮನಿದ್ದದ್ದಕ್ಕೆ ಅಷ್ಟು, ಸತ್ತವರ ಮೇಲೆ ಅನುಮಾನ ಪಟ್ಟದ್ದಕ್ಕೆ ಇನ್ನಷ್ಟು.

ಹತ್ತಿರವಿದ್ದವರು ನಕ್ಕು ನಿಟ್ಟುಸಿರು ಬಿಟ್ಟರು. ಆದರೆ ಆಚೆ ಅಂಕಣಗಳಲ್ಲಿ ಸಾವಿರ ಜನ ಇನ್ನೂ ಅಳುತ್ತಲೇ ಇದ್ದರು, ಡ್ರೈವರುಗಳು ಬಸ್ಸು ಬಿಟ್ಟು ಇಳಿದಿದ್ದರು, ಒಂದು ಗಾಲಿಯೂ ಉರುಳುತ್ತಿರಲಿಲ್ಲ. ದೊಡ್ಡ ಸಾಹೇಬರು ಕೆಂಡವಾಗಿ ಗಾಜಿನ ಗೂಡಿಗೆ ನುಗ್ಗಿದರು. ಮೌನಕ್ಕೆ ಎದ್ದು ನಿಂತಿದ್ದ ಕೇಂದ್ರ ಕಚೇರಿಯನ್ನು ಈಗ ಕೂರಿಸುವುದು ಹೇಗೆ ಎಂಬ ಚಿಂತೆ ಅವರಿಗೆ. ಡ್ರೈವರ್ ಬದುಕಿದ್ದಾನೆ ಅಂತ ಈಗಿಂದೀಗಲೇ ಹೇಳಿ ಎಂದು ಗದರಿದರು. ಗಮನಪ್ಪನವರಿಗೆ ಆಗಷ್ಟೇ ತಾವು ಮಾಡಿದ್ದು ತಿಳಿದಿತ್ತು. ಕಡಲು, ಬಂಡೆ, ಗಡ್ಡ ಎಲ್ಲ ಎಲ್ಲಿಗೋ ಓಡಿಹೋದವು. ಬಾಯಿಂದ ಬಂದದ್ದು ಇಪ್ಪತ್ತು ವರ್ಷದ ಹಳೆಯ ದನಿ.

"ಪ್ರಯಾಣಿಕರ ಗಮನಕ್ಕೆ. ಹದಿನೇಳನೇ ನಂಬರಿನ ಚಾಲಕರು ಬದುಕಿರುತ್ತಾರೆ. ಪ್ರಯಾಣಿಕರು ಸಹಕರಿಸಬೇಕು."

ಜನ ಕಿವಿಗೊಟ್ಟು ಕೇಳಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಸ್ಸು ತೊಳೆಯುವವನು ಮತ್ತೆ ಬಕೆಟ್ಟು ಕೆಳಗಿಟ್ಟ. "ಮೆಷಿನ್ ಹಾಕಿಬಿಟ್ರು ನೋಡಿ. ನಿಜ ಹೇಳಿದ್ದಕ್ಕೆ ಗಮನಪ್ಪನವರನ್ನ ಎತ್ತಂಗಡಿ ಮಾಡಿದಾರೆ."

ಅದು ಬೆಂಕಿಯ ಹಾಗೆ ಹಬ್ಬಿತು. ಜನ ಗೂಡಿನ ಕಡೆ ನುಗ್ಗಿ, ಮೆಷಿನ್ ಬೇಡ, ಮನುಷ್ಯ ಬೇಕು ಎಂದು ಕೂಗತೊಡಗಿದರು. ಗಾಜಿಗೆ ಮುಖ ಒತ್ತಿ ನಿಂತವರಿಗೆ ಒಳಗೆ ಸಾಹೇಬರ ಬೆನ್ನು ಮಾತ್ರ ಕಾಣುತ್ತಿತ್ತು. ಸಾಹೇಬರು ಆ ಕೂಗನ್ನು ಕೇಳಿದರು, ಗಾಜು ಅದುರುವುದನ್ನು ನೋಡಿದರು, ಗದರಿಸುವ ಸ್ವರ ತಾನಾಗಿ ಕೆಳಗಿಳಿಯಿತು.

"ಏನ್ರೀ, ಮೊದಲು ಹೇಳಿದ್ರಲ್ಲ, ಹಾಗೇ ಹೇಳಿಬಿಡ್ರೀ" ಎಂದರು.

ಗಮನಪ್ಪನವರು ಅವರ ಮುಖ ನೋಡಿದರು. ಇನ್ನು ಟೈರ್ ಗೋದಾಮು ಹೇಗೂ ತಪ್ಪಿದ್ದಲ್ಲ, ಈ ಮೈಕಿನಲ್ಲಿ ಇದೇ ಕೊನೆ ಎಂದು ಅವರಿಗೆ ಅನ್ನಿಸಿತು. ಅನ್ನಿಸಿದ ಮೇಲೆ ಹೆದರಿಕೆಯೂ ಹೋಯಿತು. ಎದ್ದು ನಿಂತರು. ತಟ್ಟೆಯ ಎರಡನೇ ಮುಖ ಶುರುವಾಯಿತು. ಅತ್ತಿರಿ, ನನ್ನವರೇ, ನಾನೂ ಅತ್ತೆ ಎಂದು ಪಿಸುಗುಟ್ಟಿದರು. ಹದಿನೇಳನೇ ನಂಬರಿನ ಗೇರ್‌ಬಾಕ್ಸು ಸತ್ತದ್ದು ನಿಜ, ಆದರೆ ಹಾರ್ನಣ್ಣ ಸಾಯಲಿಲ್ಲ, ಅರ್ಧ ಗಡ್ಡ ಹೊತ್ತು ಬದುಕಿ ಬಂದಿದ್ದಾನೆ, ಟೀ ಅಂಗಡಿಯ ಮುಂದೆ ಈಗಲೂ ಏಟು ತಿನ್ನುತ್ತಿದ್ದಾನೆ, ಬದುಕಿದವರು ಮಾತ್ರ ತಿನ್ನುವ ಏಟು ಅದು. "ಬಂದ! ಬಂದೇ ಬಂದ!" ಎಂದು ಅವರು ಕೂಗಿದಾಗ ದನಿ ಆರೂ ಅಂಕಣ ದಾಟಿ ರಸ್ತೆಯವರೆಗೆ ಹೋಯಿತು. ಡ್ರೈವರುಗಳು ಓಡಿ ಹೋಗಿ ತಮ್ಮ ತಮ್ಮ ಬಸ್ಸು ಹತ್ತಿ ಹಾರ್ನು ಹೊಡೆದರು. ಮೊದಲು ಒಂದು, ಆಮೇಲೆ ಹತ್ತು, ಆಮೇಲೆ ಇಡೀ ನಿಲ್ದಾಣ. ಗಮನಪ್ಪನವರ ಬೆನ್ನಿಗೂ ಒಂದು ಮೇಳ ನಿಂತಿತ್ತು. ಅವರು ಮೈಕು ಬಿಟ್ಟು, ಗಡ್ಡದವನ ಹಾಗೆ ಎರಡೂ ಕೈ ಮೇಲೆತ್ತಿ ನಿಂತು, ಸಂತೋಷಕ್ಕೆ ಹೋ ಎಂದು ಅತ್ತುಬಿಟ್ಟರು.

ಬಸ್ಸುಗಳು ಹೊರಟು ನಿಲ್ದಾಣ ತಣ್ಣಗಾದ ಮೇಲೆ ಲೆಕ್ಕ ಕೇಳುವ ಹೊತ್ತು. ಸಾಹೇಬರು ನಿಲ್ದಾಣಾಧಿಕಾರಿಯ ಕೋಣೆಯಲ್ಲಿ ಕೂತು ಗಮನಪ್ಪನವರಿಗೆ ನೋಟಿಸು ಬರೆಸಿದರು. ಸಂಸ್ಥೆಯ ಧ್ವನಿವರ್ಧಕದಲ್ಲಿ ಮೇಲಧಿಕಾರಿಗಳ ಪೂರ್ವಾನುಮತಿಯಿಲ್ಲದೆ ಅನಧಿಕೃತವಾಗಿ ಭಾವನೆಗಳನ್ನು ಬಳಸಿದ್ದಕ್ಕೆ ವಿವರಣೆ ಕೊಡಬೇಕು ಎಂದು ಅದರಲ್ಲಿತ್ತು. ಗಮನಪ್ಪನವರು ಅದನ್ನು ತೆಗೆದುಕೊಂಡು, ಟೈರ್ ಗೋದಾಮಿನ ಬೀಗದ ಕೈ ಯಾರ ಹತ್ತಿರ ಇದೆ ಎಂದು ಸಣ್ಣ ದನಿಯಲ್ಲಿ ಕೇಳಿದರು.

"ಯಾವ ಗೋದಾಮು?" ಎಂದರು ಸಾಹೇಬರು. "ಕೇಂದ್ರ ಕಚೇರಿಯವರು ಇದಕ್ಕೆಲ್ಲ ಯಾರು ಹೊಣೆ ಅಂತ ಕೇಳಿದ್ರು. ನಿಮ್ಮ ಹೆಸರು ಕೊಟ್ಟೆ. ಇಲ್ಲಿ ಮೆಷಿನ್ ಇದ್ದಿದ್ರೆ ಯಾರ ಹೆಸರು ಕೊಡ್ತಿದ್ದೆ ಹೇಳಿ, ನನ್ನದೇ ಕೊಡಬೇಕಿತ್ತು. ಮೆಷಿನ್ ಸಹವಾಸವೇ ಬೇಡ. ನೀವು ಇಲ್ಲೇ ಇರಿ. ನೋಟಿಸು ಆಗಾಗ ಬರ್ತಾ ಇರುತ್ತೆ."

ಗಮನಪ್ಪನವರು ನೋಟಿಸನ್ನು ಮಡಿಸಿ ಎದೆಯ ಜೇಬಿನಲ್ಲಿ ಇಟ್ಟುಕೊಂಡು ಗೂಡಿಗೆ ಮರಳಿದರು. ಕುರ್ಚಿಯಲ್ಲಿ ಕೂತು, ಮೈಕಿನ ಸೊಟ್ಟ ಕತ್ತನ್ನು ಒಮ್ಮೆ ಸವರಿದರು. ಅಷ್ಟರಲ್ಲಿ ಗಾಜಿನ ಕಿಟಕಿಯ ಮೇಲೆ ಯಾರೋ ಬೆರಳಿನಿಂದ ತಟ್ಟಿದರು. ನೋಡಿದರೆ ಸಾಹೇಬರು, ಕೈಯಲ್ಲಿ ಚೀಲ. ಅವರ ಜೀಪು ಇನ್ನೂ ಸೇತುವೆ ಹುಡುಕುತ್ತಲೇ ಇತ್ತು.

"ಬಸ್ಸಲ್ಲಿ ಹೋಗ್ತಿದೀನಿ. ಒಂಬತ್ತನೇ ನಂಬರು" ಎಂದರು. ಆಮೇಲೆ ಆ ಕಡೆ ಈ ಕಡೆ ನೋಡಿ, ಕಿಟಕಿಗೆ ಬಾಯಿ ಹತ್ತಿರ ತಂದರು. "ಊರಿಂದೂರಿಗೆ ವರ್ಗ ಆಗಿ ಆಗಿ ಸುಸ್ತಾಗಿದೆ ಗಮನಪ್ಪನವರೇ. ಹೋಗುವಾಗ ಒಬ್ಬರೂ ಬಸ್ಸಿನ ತನಕ ಬಂದಿದ್ದಿಲ್ಲ. ನನ್ನ ಬಸ್ಸನ್ನೂ ಸ್ವಲ್ಪ… ಹಾಗೆ ಹೇಳ್ತೀರಾ?"

ಉತ್ತರಕ್ಕೆ ಕಾಯದೆ ತಿರುಗಿ ಬೇಗ ಬೇಗ ನಡೆದು ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತರು. ಗಮನಪ್ಪನವರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತು, ಒಂಬತ್ತನೇ ನಂಬರಿನ ಬಸ್ಸನ್ನು ತಮಗೆ ಗೊತ್ತಿದ್ದ ಅಷ್ಟೂ ಗುಡುಗು ಸೇರಿಸಿ ಬೀಳ್ಕೊಟ್ಟರು. ಬಸ್ಸು ನಿಧಾನವಾಗಿ ಹಿಂದಕ್ಕೆ ಸರಿದು, ತಿರುಗಿ, ಗೇಟು ದಾಟಿತು. ಅಂಕಣದ ತುಂಬ ಜನ ಎದ್ದು ನಿಂತು ಕೈ ಬೀಸಿದರು. ಕಿಟಕಿಯಲ್ಲಿ ಸಾಹೇಬರು ಕರವಸ್ತ್ರವನ್ನು ಕಣ್ಣಿಗೆ ಒತ್ತಿಕೊಂಡೇ ಇದ್ದರು.

ಬೆಂಚಿನ ಮೇಲಿದ್ದ ಮುದುಕಿಯೊಬ್ಬಳು ಮೂಗು ಒರೆಸಿಕೊಂಡು ಪಕ್ಕದವಳನ್ನು, ಯಾರಮ್ಮ ಅವರು ಎಂದು ಕೇಳಿದಳು.

"ಯಾರೋ ಗೊತ್ತಿಲ್ಲ ಅಜ್ಜಿ" ಎಂದಳು ಪಕ್ಕದವಳು, ಇನ್ನೂ ಕೈ ಬೀಸುತ್ತಾ. "ಆದ್ರೂ ಹೊರಟೇ ಹೋದ್ರಲ್ಲ."